ಕಲ್ಯಾಣ ಕರ್ನಾಟಕದ ಸರ್ಕಾರಿ ಆರೋಗ್ಯ ವ್ಯವಸ್ಥೆ ಸುಧಾರಿಸಬೇಕಾದರೆ ಎಲ್ಲಿಂದ ಆರಂಭಿಸಬೇಕು?

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇಷ್ಟು ಹಣ ಬರುತ್ತಿದ್ದರೂ, ಹೊಸ ಹೊಸ ಆಸ್ಪತ್ರೆ ಕಟ್ಟಡಗಳು ಏಳುತ್ತಿದ್ದರೂ ನಮ್ಮ ಕಡೆಯ ರೋಗಿಗಳು ಸೊಲ್ಲಾಪುರ, ಹೈದರಾಬಾದುಗಳ ದಾರಿ ಹಿಡಿಯುವುದು ಏಕೆ ನಿಂತಿಲ್ಲ, ಇದನ್ನು ಸರಿಪಡಿಸಬಯಸುವವರು ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕು ಎಂದು ನೀವು ಕೇಳಿದ್ದೀರಿ. ನಾನು ವೈದ್ಯನಲ್ಲ. ಈ ಭಾಗದ ತಾಲ್ಲೂಕು ಆಸ್ಪತ್ರೆಯೊಂದರ ಮೇಲ್ವಿಚಾರಣೆ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯಲ್ಲಿ ಕೆಲವು ವರ್ಷ ಸದಸ್ಯನಾಗಿದ್ದು ಅದರ ಲೆಕ್ಕಪತ್ರಗಳನ್ನೂ ಅಲ್ಲಿಗೆ ಬರುವವರ ಪಾಡನ್ನೂ ಹತ್ತಿರದಿಂದ ನೋಡಿದವನಾಗಿ ಉತ್ತರಿಸುತ್ತಿದ್ದೇನೆ. ಪ್ರತಿ ಜಿಲ್ಲೆಯಲ್ಲಿ ಆಯ್ದ ಕೆಲವು ತಾಲ್ಲೂಕು ಆಸ್ಪತ್ರೆಗಳು ರಾತ್ರಿಯ ವೇಳೆಯಲ್ಲಿಯೂ ಪೂರ್ಣ ತಂಡದೊಂದಿಗೆ ಕೆಲಸ ಮಾಡುವಂತೆ ಮಾಡುವುದೇ ಮೊದಲ ಕೆಲಸ ಎಂಬುದು ನನ್ನ ಅಭಿಪ್ರಾಯ. ಉಳಿದ ಸುಧಾರಣೆಗಳು ಅನಗತ್ಯವೆಂದು ನಾನು ಹೇಳುತ್ತಿಲ್ಲ, ಆದರೆ ಇದೊಂದು ಆಗದೆ ಅವುಗಳ ಫಲ ರೋಗಿಯವರೆಗೆ ತಲುಪುವುದಿಲ್ಲ.

ಆಗಿರುವ ಕೆಲಸವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ನೀಡಿದಾಗ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದಲ್ಲಿಯೇ ಇದ್ದವು. ಅನಂತರ ಈ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಿತು. ಬೀದರ್, ರಾಯಚೂರು, ಕಲಬುರಗಿ, ಕೊಪ್ಪಳ, ಯಾದಗಿರಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಾದವು. ಬಳ್ಳಾರಿಯಲ್ಲಂತೂ ಹಳೆಯದೊಂದು ಮೊದಲೇ ಇತ್ತು. ಬಡವರಿಗೆ ದುಬಾರಿ ಶಸ್ತ್ರಚಿಕಿತ್ಸೆಗಳನ್ನು ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಮೊದಲು ಆರಂಭವಾದದ್ದೇ ಈ ವಿಭಾಗದಲ್ಲಿ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ಅದರ ಹಾಸಿಗೆಗಳ ಸಂಖ್ಯೆ 371, ವಿಧಿಯ ಸಂಖ್ಯೆಯೂ ಅದೇ. (ಸಂಖ್ಯೆ ಹೊಂದಿಸುವುದರಲ್ಲಿ ನಮ್ಮ ಆಡಳಿತ ಎಂದೂ ಹಿಂದೆ ಬಿದ್ದದ್ದಿಲ್ಲ.) ರಾಯಚೂರಿನಲ್ಲಿ ಕೇಂದ್ರ ಸರ್ಕಾರದ ದೊಡ್ಡ ವೈದ್ಯಕೀಯ ಸಂಸ್ಥೆಯಾದ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಏಮ್ಸ್ ಬಂದ ಮಾತ್ರಕ್ಕೆ ಅದೇ ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಧ್ಯರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳ ಸ್ಥಿತಿ ತಾನಾಗಿ ಬದಲಾಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಹೆರಿಗೆಯ ಉದಾಹರಣೆಯನ್ನು ಬೇಕೆಂದೇ ತೆಗೆದುಕೊಂಡಿದ್ದೇನೆ, ಏಕೆಂದರೆ ಒಂದು ಪ್ರದೇಶದ ಆರೋಗ್ಯ ವ್ಯವಸ್ಥೆಯ ಕೊಂಡಿಗಳೆಲ್ಲ ಒಟ್ಟಿಗೆ ಪರೀಕ್ಷೆಗೊಳಗಾಗುವುದು ಅಲ್ಲಿಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಹಾಗಿದ್ದರೂ ಜನನ-ಮರಣಗಳನ್ನು ಅಂದಾಜು ಮಾಡುವ ಕೇಂದ್ರದ 2018-20ರ ಮಾದರಿ ನೋಂದಣಿ ಅಂಕಿಅಂಶಗಳಲ್ಲಿ ರಾಜ್ಯದ ತಾಯಂದಿರ ಮರಣ ಪ್ರಮಾಣ ಒಂದು ಲಕ್ಷ ಜೀವಂತ ಜನನಗಳಿಗೆ 69 ಇತ್ತು. ಕೇರಳದಲ್ಲಿ ಅದು 19. ಅಂದರೆ ಗರ್ಭಿಣಿಯನ್ನು ಆಸ್ಪತ್ರೆಯ ಬಾಗಿಲಿಗೆ ಕರೆತರುವ ಕೆಲಸವನ್ನು ಆಶಾ ಕಾರ್ಯಕರ್ತೆಯರೂ 108 ವಾಹನವೂ ಬಹುಮಟ್ಟಿಗೆ ಮಾಡಿ ಮುಗಿಸಿದ್ದಾರೆ. ಉಳಿದಿರುವ ಕೊರತೆ ಬಾಗಿಲಿನ ಒಳಗಿನದು ಮತ್ತು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಲೆಯುವ ದಾರಿಯದು. ಹೆರಿಗೆಯ ನಂತರದ ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಅಷ್ಟು ಹೊತ್ತಿನಲ್ಲಿ ಮೂರು ಆಸ್ಪತ್ರೆ ಸುತ್ತಿಸಿದರೆ ಕೊನೆಯಲ್ಲಿ ಎಷ್ಟು ದೊಡ್ಡ ಸಂಸ್ಥೆ ಸಿಕ್ಕರೂ ಪ್ರಯೋಜನವಿಲ್ಲ.

ಒಂದು ಸಿಸೇರಿಯನ್ ಶಸ್ತ್ರಚಿಕಿತ್ಸೆಗೆ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಗುವನ್ನು ನೋಡಿಕೊಳ್ಳಲು ಮಕ್ಕಳ ತಜ್ಞರು, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಪಳಗಿದ ಸ್ಟಾಫ್ ನರ್ಸ್, ರಕ್ತದ ಗುಂಪು ನೋಡಿ ಹೊಂದಾಣಿಕೆ ಪರೀಕ್ಷೆ ಮಾಡುವ ಪ್ರಯೋಗಾಲಯ ತಂತ್ರಜ್ಞ, ಜೊತೆಗೆ ರಕ್ತ ಶೇಖರಣಾ ಘಟಕ, ಇಷ್ಟೂ ಒಂದೇ ಸಮಯದಲ್ಲಿ ಇರಬೇಕು. ಅರಿವಳಿಕೆ ತಜ್ಞರೊಬ್ಬರು ಇಲ್ಲವೆಂದರೆ ಉಳಿದವರ ಸಂಬಳವೂ ಕಟ್ಟಡದ ವೆಚ್ಚವೂ ಆ ರಾತ್ರಿಯ ಮಟ್ಟಿಗೆ ವ್ಯರ್ಥ. ಹುದ್ದೆ ಭರ್ತಿಯಾಗಿದೆ ಎಂದು ಕಡತದಲ್ಲಿ ತೋರಿಸಿದರೂ ಒಬ್ಬ ತಜ್ಞರು ವಾರದ ಏಳು ರಾತ್ರಿಯೂ ಎಚ್ಚರವಿರಲು ಸಾಧ್ಯವಿಲ್ಲ. ಅವರಿಗೂ ರಜೆ ಬೇಕು, ಕಾಯಿಲೆ ಬರುತ್ತದೆ, ನ್ಯಾಯಾಲಯದ ಸಾಕ್ಷ್ಯಕ್ಕೆ ಹೋಗಬೇಕಾಗುತ್ತದೆ. ಆದ್ದರಿಂದ ಪ್ರತಿ ವಿಭಾಗಕ್ಕೆ ಕನಿಷ್ಠ ಇಬ್ಬರು ಇಲ್ಲದ ಆಸ್ಪತ್ರೆಯನ್ನು ದಿನದ 24 ಗಂಟೆಯ ಆಸ್ಪತ್ರೆ ಎಂದು ಕರೆಯುವುದೇ ತಪ್ಪು. ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ವಿರುದ್ಧ. 1.2 ಲಕ್ಷ ಜನಸಂಖ್ಯೆಗೆ 30 ಹಾಸಿಗೆಗಳ ಒಂದು ಸಮುದಾಯ ಆರೋಗ್ಯ ಕೇಂದ್ರ ಎಂಬ ರಾಷ್ಟ್ರೀಯ ಮಾನದಂಡವನ್ನು ಹಿಡಿದು, ಇರುವ ಅಲ್ಪಸ್ವಲ್ಪ ತಜ್ಞರನ್ನು ಇಲ್ಲೊಬ್ಬರು ಅಲ್ಲೊಬ್ಬರು ಎಂದು ಹಂಚಿ, ಎಲ್ಲಿಯೂ ಪೂರ್ಣ ತಂಡವಿಲ್ಲದಂತೆ ಮಾಡಿಕೊಂಡಿದ್ದೇವೆ. ಹೆರಿಗೆಗಳು ಕಡಿಮೆಯಿರುವ ಸಮುದಾಯ ಕೇಂದ್ರಗಳ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಒಗ್ಗೂಡಿಸುವ ಆಲೋಚನೆಯನ್ನು ರಾಜ್ಯ ಸರ್ಕಾರವೂ 2025ರಲ್ಲಿ ಮುಂದಿಟ್ಟಿತು. ನಮ್ಮೂರ ಡಾಕ್ಟರನ್ನು ಕಿತ್ತುಕೊಂಡರು ಎಂಬ ಕೂಗು ಇಂತಹ ಕಡೆ ಏಳುವುದು ಸಹಜ, ಅದರ ಹಿಂದೆ ಜನಪ್ರತಿನಿಧಿಗಳ ಒತ್ತಡವೂ ಬರುತ್ತದೆ. ಆದರೂ ಈ ವಿಷಯದಲ್ಲಿ ನಾನು ಸರ್ಕಾರದ ಪರ. ಹತ್ತು ಕಿಲೋಮೀಟರ್ ದೂರದ ಅರೆಬರೆ ತಂಡಕ್ಕಿಂತ ಮೂವತ್ತು ಕಿಲೋಮೀಟರ್ ದೂರದ ಪೂರ್ಣ ತಂಡ ಹೆಚ್ಚು ಜೀವ ಉಳಿಸುತ್ತದೆ.

ಆದರೆ ಒಂದು ಷರತ್ತಿದೆ. ಹಾಗೆ ಒಗ್ಗೂಡಿಸಿದ ಮೇಲೆ ನಡುವಿನ ಮೂವತ್ತು ಕಿಲೋಮೀಟರ್ ದಾರಿಯ ಹೊಣೆಯನ್ನು ಇಲಾಖೆಯೇ ಹೊರಬೇಕು. 2008ರಿಂದ ನಡೆಯುತ್ತಿರುವ 108 ಸೇವೆ ಮನೆಯಿಂದ ಆಸ್ಪತ್ರೆಗೆ ಕರೆತರುವುದಕ್ಕೆ ಹೊಂದಿಕೊಂಡಷ್ಟು ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸುವುದಕ್ಕೆ ಹೊಂದಿಕೊಂಡಿಲ್ಲ. ಸಾಮಾನ್ಯವಾಗಿ ಒಂದು ಚೀಟಿಯಲ್ಲಿ ‘ಮೇಲಿನ ಆಸ್ಪತ್ರೆಗೆ’ ಎಂದು ಬರೆದು ಕಳುಹಿಸಿದರೆ ರೆಫರ್ ಮಾಡಿದಂತಾಯಿತು. ಹೋಗುವ ಕಡೆ ತಜ್ಞರಿದ್ದಾರೆಯೇ, ಹಾಸಿಗೆ ಖಾಲಿ ಇದೆಯೇ, ರಕ್ತ ಇದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಕಳುಹಿಸುವ ವೈದ್ಯರು ಬರಮಾಡಿಕೊಳ್ಳುವ ವೈದ್ಯರೊಂದಿಗೆ ದೂರವಾಣಿಯಲ್ಲಿ ಮಾತನಾಡಿ, ಅವರ ಒಪ್ಪಿಗೆಯನ್ನು ದಾಖಲಿಸಿದ ಮೇಲೆಯೇ ರೋಗಿಯನ್ನು ಕಳುಹಿಸಬೇಕು ಎಂಬ ನಿಯಮವೊಂದನ್ನು ಜಿಲ್ಲಾ ಮಟ್ಟದಲ್ಲಿ ಕಟ್ಟುನಿಟ್ಟಾಗಿ ಜಾರಿಗೆ ತಂದರೆ, ಖರ್ಚೇ ಇಲ್ಲದ ದೊಡ್ಡ ಸುಧಾರಣೆಯಾದೀತು.

ತಜ್ಞರು ಈ ಕಡೆ ಏಕೆ ನಿಲ್ಲುವುದಿಲ್ಲ ಎಂಬುದು ನಿಮ್ಮ ಪ್ರಶ್ನೆಯಲ್ಲಿ ನೇರವಾಗಿ ಇಲ್ಲದಿದ್ದರೂ ಅದನ್ನು ಬಿಟ್ಟು ಮುಂದೆ ಹೋಗಲಾಗದು. ವೈದ್ಯಕೀಯ ಪದವಿ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸಲು ಅವಕಾಶವಿರುವ 2012ರ ಕಾಯ್ದೆ ನಮ್ಮಲ್ಲಿದೆ. ಒತ್ತಾಯಕ್ಕೆ ಬಂದವರು ವರ್ಷ ತುಂಬುವ ದಿನವನ್ನೇ ಎಣಿಸುತ್ತಿರುತ್ತಾರೆ. ಆ ಕಾಯ್ದೆ ಖಾಲಿ ಜಾಗವನ್ನು ತಾತ್ಕಾಲಿಕವಾಗಿ ತುಂಬಬಲ್ಲದು, ತಂಡ ಕಟ್ಟಲಾರದು. ನನಗೆ ಹೆಚ್ಚು ಭರವಸೆ ಇರುವುದು 371(ಜೆ) ಅಡಿಯಲ್ಲಿ ಓದುತ್ತಿರುವ ಈ ಭಾಗದ ಮಕ್ಕಳ ಮೇಲೆ. ಇಲ್ಲಿನ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯದ ಇತರೆಡೆ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿವೆ. ಯಾದಗಿರಿಯಲ್ಲಿ ಬೆಳೆದವರಿಗೆ ಯಾದಗಿರಿಯ ಬೇಸಿಗೆ ಹೊಸದಲ್ಲ. ತಂದೆತಾಯಿ, ಹೊಲಮನೆ ಇಲ್ಲಿಯೇ ಇರುವವರು ನಿಲ್ಲುವ ಸಾಧ್ಯತೆ ಹೆಚ್ಚು. ಅಂತಹವರಿಗೆ ಅರಿವಳಿಕೆ, ಹೆರಿಗೆ, ಮಕ್ಕಳ ಚಿಕಿತ್ಸೆಯಂತಹ ವಿಷಯಗಳಲ್ಲಿ ಸ್ನಾತಕೋತ್ತರ ಸೀಟು ಕೊಟ್ಟು, ಇಂತಿಷ್ಟು ವರ್ಷ ಇಂಥದೇ ತಾಲ್ಲೂಕು ಆಸ್ಪತ್ರೆಯಲ್ಲಿ ಸೇವೆ ಎಂಬ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳುವುದು ಸಾಧ್ಯ. ವಸತಿಗೃಹ ವಾಸಕ್ಕೆ ಯೋಗ್ಯವಾಗಿರಬೇಕು, ರಾತ್ರಿ ಪಾಳಿಯ ಮಹಿಳಾ ವೈದ್ಯರಿಗೆ ಮತ್ತು ನರ್ಸ್‌ಗಳಿಗೆ ಭದ್ರತೆ ಇರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಭಿವೃದ್ಧಿ ಮಂಡಳಿಗೆ ಈಚಿನ ಆಯವ್ಯಯಗಳಲ್ಲಿ ಘೋಷಣೆಯಾಗುತ್ತಿರುವ ₹5,000 ಕೋಟಿಯಲ್ಲಿ ಒಂದು ಸಣ್ಣ ಪಾಲು ಇಂತಹ ವಸತಿಗೃಹಗಳಿಗೆ ಹೋದರೆ ಹೊಸ ಹೊರರೋಗಿ ಕಟ್ಟಡಕ್ಕಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಉದ್ಘಾಟನೆಗೆ ಅಷ್ಟು ಶೋಭೆ ಇರುವುದಿಲ್ಲ, ಅಷ್ಟೆ.

ಔಷಧದ ವಿಷಯದಲ್ಲಿ ಮಾದರಿಯನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮವನ್ನು ಸ್ಥಾಪಿಸಿ, ಪ್ರತಿ ಆಸ್ಪತ್ರೆಗೆ ಪಾಸ್‌ಬುಕ್ ಕೊಟ್ಟು, ತನಗೆ ನಿಗದಿಯಾದ ಮೊತ್ತದೊಳಗೆ ಬೇಕಾದ ಔಷಧವನ್ನು ಜಿಲ್ಲಾ ಉಗ್ರಾಣದಿಂದ ಎತ್ತಿಕೊಳ್ಳುವ ಅಧಿಕಾರವನ್ನು ಆಯಾ ಆಸ್ಪತ್ರೆಗೇ ವಹಿಸಿತು. ಉಗ್ರಾಣಕ್ಕೆ ಬಂದ ಔಷಧ ಗುಣಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಆಸ್ಪತ್ರೆಗೆ ಹೋಗುವುದಿಲ್ಲ. ಆ ಪರೀಕ್ಷೆ ಎಷ್ಟು ಮುಖ್ಯವೆಂಬುದು 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ನಂತರ ಒಬ್ಬರು ತೀರಿಕೊಂಡು, ಅವರಿಗೆ ರಕ್ತನಾಳದ ಮೂಲಕ ಹಾಕಿದ ಐವಿ ದ್ರಾವಣದ ಗುಣಮಟ್ಟದ ಬಗ್ಗೆ ಪ್ರಶ್ನೆ ಎದ್ದಾಗ ಇಡೀ ರಾಜ್ಯಕ್ಕೆ ತಿಳಿಯಿತು. ಹೊರಗಿನ ಅಂಗಡಿಗೆ ಚೀಟಿ ಬರೆಯುವ ಅಭ್ಯಾಸಕ್ಕೆ ವೈದ್ಯರನ್ನು ಮಾತ್ರ ದೂರುವವರು, ಔಷಧದ ಬೇಡಿಕೆ ಪಟ್ಟಿ ಸಲ್ಲಿಸಿದ ದಿನಕ್ಕೂ ಔಷಧ ಕೈಸೇರಿದ ದಿನಕ್ಕೂ ನಡುವಿನ ಅಂತರವನ್ನು ಒಮ್ಮೆ ಲೆಕ್ಕಹಾಕಿ ನೋಡಬೇಕು.

ಇವೆಲ್ಲಕ್ಕೂ ಕೆಳಗೆ ಇನ್ನೊಂದು ಪದರವಿದೆ. 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಾಜ್ಯದ ಸರಾಸರಿ ಶೇ 35ರಷ್ಟಿತ್ತು. ರಕ್ತಹೀನತೆಯಿಂದ ಬಳಲುತ್ತ ಹೆರಿಗೆಗೆ ಬರುವ ತಾಯಿ ಸ್ವಲ್ಪ ರಕ್ತಸ್ರಾವವನ್ನೂ ತಡೆದುಕೊಳ್ಳಲಾರಳು. ಇದಕ್ಕೆ ಗುಳೆಯೂ ಸೇರಿಕೊಳ್ಳುತ್ತದೆ: ಗರ್ಭಿಣಿ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೈದರಾಬಾದಿಗೋ ಹೋಗಿ, ನಡುವಿನ ತಿಂಗಳುಗಳಲ್ಲಿ ಯಾವ ತಪಾಸಣೆಯೂ ಇಲ್ಲದೆ, ಹೆರಿಗೆಗೆ ಊರಿಗೆ ಮರಳಿದಾಗ ತಾಯಿ ಕಾರ್ಡಿನ ಪುಟಗಳು ಖಾಲಿ ಇರುತ್ತವೆ. ಇಂತಹವರ ಪಟ್ಟಿ ಆಶಾ ಕಾರ್ಯಕರ್ತೆಯ ಬಳಿ ಇದ್ದೇ ಇರುತ್ತದೆ, ಆದರೆ ಅದು ಅವರು ಹೋದ ಊರಿನ ಆರೋಗ್ಯ ಕೇಂದ್ರಕ್ಕೆ ತಲುಪುವ ದಾರಿ ಇಲ್ಲ. ಗೌರವಧನಕ್ಕಾಗಿ ಮತ್ತೆ ಮತ್ತೆ ಬೀದಿಗಿಳಿಯಬೇಕಾದ ಆ ಕಾರ್ಯಕರ್ತೆಯ ಮೇಲೆ ಈ ಹೊಣೆಯನ್ನೂ ಪುಕ್ಕಟೆಯಾಗಿ ಹೇರುವುದು ಸರಿಯಲ್ಲ. ಕಳುಹಿಸುವ ಮತ್ತು ಬರಮಾಡಿಕೊಳ್ಳುವ ಎರಡೂ ಜಿಲ್ಲೆಗಳ ಅಧಿಕಾರಿಗಳು ಅದನ್ನು ತಮ್ಮ ಕೆಲಸವೆಂದು ಒಪ್ಪಿಕೊಳ್ಳಬೇಕು.

ನೀವು ಸ್ವತಃ ಏನಾದರೂ ಮಾಡಬಯಸಿದರೆ, ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮಾಹಿತಿ ಹಕ್ಕಿನ ಅಡಿಯಲ್ಲಿ ಅರ್ಜಿ ಹಾಕಿ, ಕಳೆದ ಒಂದು ವರ್ಷದಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ನಡುವೆ ಎಷ್ಟು ಸಿಸೇರಿಯನ್ ಆಗಿವೆ, ಎಷ್ಟು ಗರ್ಭಿಣಿಯರನ್ನು ಬೇರೆಡೆಗೆ ಕಳುಹಿಸಲಾಗಿದೆ, ಕಳುಹಿಸಿದ್ದಕ್ಕೆ ದಾಖಲಾದ ಕಾರಣವೇನು, ರಕ್ತ ಶೇಖರಣಾ ಘಟಕ ಎಷ್ಟು ದಿನ ಖಾಲಿ ಇತ್ತು ಎಂದು ಕೇಳಿ. ಹಾಸಿಗೆಗಳ ಸಂಖ್ಯೆಯನ್ನು ಕೇಳಬೇಡಿ, ಅದನ್ನು ಎಲ್ಲರೂ ಕೊಡುತ್ತಾರೆ. ಬಂದ ಉತ್ತರವನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಶಾಸಕರ ಮುಂದೆ ಇಟ್ಟು, ರಾತ್ರಿಯ ಲೆಕ್ಕ ಸೊನ್ನೆ ಇದ್ದರೆ ಯಾವ ಹುದ್ದೆ ಖಾಲಿ ಇರುವುದರಿಂದ ಹಾಗಾಗಿದೆ ಎಂಬುದನ್ನು ನಡಾವಳಿಯಲ್ಲಿ ಬರೆಸಿ.