ಮಧುಮೇಹ ಮೊದಲೋ, ಕ್ಯಾನ್ಸರ್ ಮೊದಲೋ: ಒಬ್ಬ ಲೇಖಕರಿಗೆ ಉತ್ತರ

ಮಾನ್ಯರೇ,

ಟೈಪ್ 2 ಮಧುಮೇಹಕ್ಕೂ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಸುಮ್ಮನೆ ಹಿಂದಿರುಗಿಸುವಂಥ ಬರಹವೂ ಅದಲ್ಲವಾದ್ದರಿಂದ ಕಾರಣಗಳನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

“ಮಧುಮೇಹಿಗಳಿಗೆ ಈ ಕ್ಯಾನ್ಸರಿನ ಅಪಾಯ ದುಪ್ಪಟ್ಟು” ಎಂದು ಆರಂಭಿಸಿದ್ದೀರಿ. ಬಹುಕಾಲದಿಂದ ಮಧುಮೇಹ ಇರುವವರಲ್ಲಿ ಅಪಾಯವು ಉಳಿದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಎಂಬುದು ನಿಜವೇ. ಆದರೆ ಯಾವುದರ ದುಪ್ಪಟ್ಟು? ಈ ಕ್ಯಾನ್ಸರ್ ವಿರಳವಾದುದರಿಂದ, ಅಪಾಯ ಇಮ್ಮಡಿಯಾದರೂ ಮಧುಮೇಹಿಗಳಲ್ಲಿ ಬಹುಪಾಲು ಜನರಿಗೆ ಅದು ಬರುವುದೇ ಇಲ್ಲ. ಆ ಮಾತಿಲ್ಲದೆ ಲೇಖನ ಅಚ್ಚಾದರೆ ಓದುಗರು ಪಡುವ ದಿಗಿಲಿಗೆ ನೀವೆಷ್ಟು ಹೊಣೆಯೋ ನಾನೂ ಅಷ್ಟೇ ಹೊಣೆ.

ಇದಕ್ಕಿಂತ ದೊಡ್ಡ ತೊಡಕು ಲೇಖನದ ನಡುಭಾಗದಲ್ಲಿದೆ. ಐವತ್ತು ದಾಟಿದ ಮೇಲೆ ಹೊಸದಾಗಿ ಮಧುಮೇಹ ಕಾಣಿಸಿಕೊಂಡವರಲ್ಲಿ ಅಪಾಯ ಇನ್ನೂ ಹೆಚ್ಚೆಂದು ಸರಿಯಾಗಿಯೇ ಬರೆದು, “ಆದ್ದರಿಂದ ಮಧುಮೇಹವು ಬಹುಬೇಗ ಕ್ಯಾನ್ಸರನ್ನು ತರುತ್ತದೆ” ಎಂದು ಮುಗಿಸಿದ್ದೀರಿ. ಮಧುಮೇಹವೊಂದೇ ಕಾರಣವಾಗಿದ್ದರೆ ಕಾಯಿಲೆ ಹಳೆಯದಾದಷ್ಟೂ ಅಪಾಯ ಏರಬೇಕಿತ್ತಲ್ಲವೇ? ಕಂಡುಬರುವುದು ಅದಕ್ಕೆ ತದ್ವಿರುದ್ಧ: ಮಧುಮೇಹ ಪತ್ತೆಯಾದ ಮೊದಲ ಕೆಲವು ವರ್ಷಗಳಲ್ಲೇ ನಂಟು ಗಾಢವಾಗಿದ್ದು, ಬರಬರುತ್ತಾ ಸಡಿಲವಾಗುತ್ತದೆ. ಏಕೆಂದರೆ ಇಂಥವರಲ್ಲಿ ಕೆಲವರಿಗೆ ಇನ್ನೂ ಪತ್ತೆಯಾಗದ ಕ್ಯಾನ್ಸರೇ ಇನ್ಸುಲಿನ್ ಸ್ರವಿಕೆಯನ್ನೂ ಅದಕ್ಕೆ ದೇಹ ಸ್ಪಂದಿಸುವ ಬಗೆಯನ್ನೂ ಕೆಡಿಸಿ ಸಕ್ಕರೆಯನ್ನು ಏರಿಸಿರುತ್ತದೆ. ಹೀಗೆ ಹೊಸದಾಗಿ ಮಧುಮೇಹ ಬಂದ ಕೆಲವು ರೋಗಿಗಳಲ್ಲಿ, ಗಡ್ಡೆಯ ಜೊತೆಗೆ ಇನ್ಸುಲಿನ್ ತಯಾರಿಸುವ ಗ್ರಂಥಿಯ ಒಂದು ಭಾಗವನ್ನೇ ಕತ್ತರಿಸಿ ತೆಗೆದ ಮೇಲೂ ರಕ್ತದ ಸಕ್ಕರೆ ಸಹಜ ಮಟ್ಟಕ್ಕೆ ಇಳಿದದ್ದುಂಟು. ಇಡೀ ವಿಷಯದಲ್ಲಿ ಇದಕ್ಕಿಂತ ಕುತೂಹಲಕರವಾದ ಸಂಗತಿ ನನಗೆ ಕಾಣದು. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಅಂಕಿಗಳನ್ನು ಬಳಸುವ ಬಗೆಗೆ ಒಂದು ಉದಾಹರಣೆ. ಅಮೆರಿಕದ ರಾಚೆಸ್ಟರ್‌ನಲ್ಲಿ, 50 ಮೀರಿದ ವಯಸ್ಸಿನಲ್ಲಿ ಹೊಸದಾಗಿ ಮಧುಮೇಹಕ್ಕೆ ಒಳಗಾದ 2,122 ಜನರನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷಗಳೊಳಗೆ ಈ ಕ್ಯಾನ್ಸರ್ ಪತ್ತೆಯಾದದ್ದು 18 ಮಂದಿಯಲ್ಲಿ. ಇದು ನಿರೀಕ್ಷೆಗಿಂತ ಸುಮಾರು ಎಂಟು ಪಟ್ಟು ಹೆಚ್ಚು, ಆದರೂ ಶೇಕಡಾ ಒಂದಕ್ಕಿಂತ ಕಡಿಮೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು.

ತೂಕದ ವಿಚಾರವನ್ನು ಅರ್ಧ ಸಾಲಿನಲ್ಲಿ ದಾಟಿಸಿದ್ದೀರಿ. ಸಕ್ಕರೆ ಏರುತ್ತಿರುವಾಗಲೇ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಹೊಸ ಮಧುಮೇಹಿಗಳಲ್ಲಿ ಅಪಾಯವನ್ನು ಅಂದಾಜಿಸುವ ‘ಎಂಡ್‌ಪ್ಯಾಕ್’ ಎಂಬ ಅಳತೆಯೂ ವಯಸ್ಸು, ಸಕ್ಕರೆಯ ಏರಿಕೆ, ತೂಕದ ಬದಲಾವಣೆ ಎಂಬ ಮೂರನ್ನೇ ನೋಡುತ್ತದೆ. ಓದುಗರ ಉಪಯೋಗಕ್ಕೆ ಬರುವ ಭಾಗ ಇದೇ ಆದ್ದರಿಂದ ವಿಸ್ತರಿಸಿ.

ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಔಷಧಿ ಈ ಕ್ಯಾನ್ಸರನ್ನು ತಡೆಯುತ್ತದೆಂಬ ಸಾಲನ್ನು ತೆಗೆಯಿರಿ, ಅದು ಸಾಬೀತಾಗಿಲ್ಲ. ಮಧುಮೇಹಿಗಳೆಲ್ಲರೂ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬೇಕೆಂಬ ಸಲಹೆಯೂ ಸಲ್ಲದು. ರೋಗಲಕ್ಷಣಗಳಿಲ್ಲದ ಸಾಮಾನ್ಯ ಜನರಿಗೆ ಇಂಥ ತಪಾಸಣೆ ಬೇಡವೆಂದು ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2019ರಲ್ಲಿ ಹೇಳಿದೆ. ವಿರಳ ಕಾಯಿಲೆಯನ್ನು ಎಲ್ಲರಲ್ಲೂ ಹುಡುಕಹೊರಟರೆ ಸುಳ್ಳು ಸಂಶಯಗಳೂ ಅವುಗಳ ಬೆನ್ನಿಗೆ ಬರುವ ಅನಗತ್ಯ ಪರೀಕ್ಷೆಗಳೂ ಹೆಚ್ಚುತ್ತವೆ.

ಗ್ರಂಥಿಯ ರಚನೆಯನ್ನು ವಿವರಿಸಿದ ಪುಟ ಸೊಗಸಾಗಿದೆ, ಅದನ್ನು ಮುಟ್ಟಬೇಡಿ. ಉಳಿದದ್ದನ್ನು ತಿದ್ದಿ, ಒಬ್ಬ ತಜ್ಞ ವೈದ್ಯರಿಗೆ ತೋರಿಸಿ ಕಳಿಸಿದರೆ ಮತ್ತೊಮ್ಮೆ ಪರಿಶೀಲಿಸುತ್ತೇನೆ.

ಇಂತಿ,
ಸಂಪಾದಕ