ಯೇಸುವಿನ ಶಿಲುಬೆ ಮರಣಕ್ಕೆ ಪುರಾತತ್ತ್ವದ ಪುರಾವೆ ಇದೆಯೇ?

ಯೇಸುವಿನ ಮರಣಕ್ಕೇ ನೇರವಾದ ಭೌತಿಕ ಪುರಾವೆ ಇಲ್ಲ. ಆದರೆ ಯೇಸುವಿನ ಜೀವನವನ್ನು ಹೇಳುವ ಬೈಬಲಿನ ಸುವಾರ್ತೆಗಳಲ್ಲಿ ಬರುವಂಥ ಶಿಕ್ಷೆ, ಸಮಾಧಿ ಎರಡೂ ಆ ಕಾಲದ ಜೆರುಸಲೇಮಿನಲ್ಲಿ ಇದ್ದವು ಎಂಬುದಕ್ಕೆ ಗಟ್ಟಿ ಆಧಾರವಿದೆ.

ಬಹು ಮುಖ್ಯವಾದದ್ದು 1968ರಲ್ಲಿ ಜೆರುಸಲೇಮಿನ ಗಿವಾತ್ ಹಮಿವ್ತಾರ್‌ನಲ್ಲಿ ಸಿಕ್ಕ ಸುಣ್ಣಕಲ್ಲಿನ ಅಸ್ಥಿಪೆಟ್ಟಿಗೆ. ಆಗಿನ ಯೆಹೂದ್ಯರು ಶವವನ್ನು ಗುಹೆಯಲ್ಲಿಟ್ಟು, ಸುಮಾರು ಒಂದು ವರ್ಷದ ನಂತರ ಮೂಳೆಗಳನ್ನು ಇಂಥ ಪೆಟ್ಟಿಗೆಯಲ್ಲಿ ತುಂಬಿಡುತ್ತಿದ್ದರು. ಇದರ ಮೇಲೆ ಯೆಹೋಹನಾನ್ ಎಂಬ ಹೆಸರಿದೆ. ಒಳಗೆ ಬಲ ಹಿಮ್ಮಡಿಯ ಮೂಳೆ, ಅದನ್ನು ಅಡ್ಡಲಾಗಿ ತೂರಿದ 11.5 ಸೆಂ.ಮೀ. ಕಬ್ಬಿಣದ ಮೊಳೆ. ಮೊಳೆಯ ತುದಿ ಬಾಗಿದೆ. ಮರದ ಗಂಟಿಗೆ ತಗುಲಿರಬೇಕು. ಹಾಗಾಗಿಯೇ ಕೀಳಲಾಗದೆ ಮೂಳೆಯಲ್ಲೇ ಉಳಿಯಿತು. ಮೊದಲು ಎರಡೂ ಪಾದಗಳಿಗೆ ಒಂದೇ ಮೊಳೆ ಎಂದುಕೊಂಡಿದ್ದರು. 1985ರ ಮರುಪರಿಶೀಲನೆಯಲ್ಲಿ ಅದಕ್ಕೆ ಮೊಳೆಯ ಉದ್ದ ಸಾಲದೆಂದು ತಿಳಿಯಿತು. ಕಂಬದ ಎರಡು ಬದಿಗೆ ಒಂದೊಂದು ಹಿಮ್ಮಡಿಯನ್ನು ಜಡಿದಿರಬೇಕು.

ನನ್ನ ಮಟ್ಟಿಗೆ ಇದರ ದೊಡ್ಡ ಮಹತ್ವ ಬೇರೆಡೆ ಇದೆ: ಶಿಲುಬೆಗೇರಿದವರಿಗೆ ಗೌರವದ ಸಮಾಧಿ ಸಿಗುತ್ತಿರಲೇ ಇಲ್ಲ ಎಂಬ ವಾದವನ್ನು ಇದು ಮುರಿಯುತ್ತದೆ. ಇಂಥ ಮೂಳೆಗಳು ಅಪರೂಪವಾಗಲು ಕಾರಣಗಳಿವೆ. ಹಗ್ಗದಿಂದ ಕಟ್ಟಿದರೆ ಮೂಳೆಯಲ್ಲಿ ಗುರುತು ಉಳಿಯದು, ಮೊಳೆಗಳನ್ನು ಕಿತ್ತು ಮತ್ತೆ ಬಳಸಬಹುದಿತ್ತು, ಎಷ್ಟೋ ಶವಗಳು ಸಮಾಧಿಯನ್ನೇ ಕಾಣಲಿಲ್ಲ.

ಯೇಸುವಿಗೆ ಮರಣದಂಡನೆ ವಿಧಿಸಿದನೆಂದು ಸುವಾರ್ತೆಗಳು ಹೇಳುವ ಪಿಲಾತನ ವಿಷಯ ಸರಳ: 1961ರಲ್ಲಿ ಕರಾವಳಿ ನಗರ ಕೈಸರಿಯದಲ್ಲಿ ಸಿಕ್ಕ ಲ್ಯಾಟಿನ್ ಶಾಸನ ಅವನನ್ನು ಯೂದಾಯದ (ಜೆರುಸಲೇಮ್ ಇದ್ದ ಪ್ರಾಂತ್ಯ) ಪ್ರಿಫೆಕ್ಟ್, ಅಂದರೆ ರೋಮನ್ ಆಡಳಿತಾಧಿಕಾರಿ, ಎಂದೇ ಕರೆಯುತ್ತದೆ.

ಎಚ್ಚರ ಬೇಕಾದ್ದು ಹೆಸರುಗಳಲ್ಲಿ. ‘ಯೋಸೇಫನ ಮಗ ಯೇಸು’ ಎಂದು ಕೆತ್ತಿದ ಪೆಟ್ಟಿಗೆಗಳೂ ಸಿಕ್ಕಿವೆ. ಎರಡೂ ಆಗ ತೀರ ಸಾಮಾನ್ಯ ಹೆಸರುಗಳು. ಅಷ್ಟರಿಂದಲೇ ವ್ಯಕ್ತಿಯನ್ನು ಗುರುತಿಸಲಾಗದು.