ಗೇಟ್ ಹತ್ರ ನಾಯಿಗೆ ಅನ್ನ ಹಾಕಿದ್ರೆ ಫೈನ್ ಹಾಕ್ಬೋದಾ? ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ನಾಯಿದೇ. ಮೊದಲೇ ಹೇಳ್ಬಿಡ್ತೀನಿ, ನಾನು ಪಶುವೈದ್ಯ, ಲಾಯರ್ ಅಲ್ಲ. ಆದ್ರೆ ಬೀದಿನಾಯಿಗಳಿಗೆ ಮರಿ ಆಗದ ಹಾಗೆ ಮಾಡೋ ಆಪರೇಷನ್ ಕೆಲಸದಲ್ಲಿ ವರ್ಷಗಟ್ಲೆ ಇದ್ದು, ಅಸೋಸಿಯೇಷನ್ ಮೀಟಿಂಗು, ಪೊಲೀಸ್ ಸ್ಟೇಷನ್ನು ಅಂತ ಅಲೆದಾಡಿ ಈ ರೂಲ್ಸೆಲ್ಲಾ ಬಾಯಿಪಾಠ ಆಗೋಗಿದೆ. ಕೇಸು ಕೋರ್ಟು ಅಂತ ಹೋಗೋದಾದ್ರೆ ಮಾತ್ರ ವಕೀಲರನ್ನ ಕೇಳಿ.

ಪ್ರಶ್ನೆ (ಬೆಂಗಳೂರು): ಡಾಕ್ಟ್ರೇ, ನಮ್ಮ ಅಪಾರ್ಟ್‌ಮೆಂಟ್ ಗೇಟ್ ಹತ್ರ ನಾಲ್ಕು ಬೀದಿನಾಯಿ ಇವೆ, ದಿನಾ ರಾತ್ರಿ ಅನ್ನ ಹಾಕ್ತೀನಿ. ಈಗ ಅಸೋಸಿಯೇಷನ್‌ನೋರು ಮೀಟಿಂಗಲ್ಲಿ ಪಾಸ್ ಮಾಡಿದಾರೆ, ಅನ್ನ ಹಾಕಿದ್ರೆ ಸಾವಿರ ರೂಪಾಯಿ ಫೈನ್ ಅಂತೆ, ನಾಯಿಗಳನ್ನ ಹಿಡಿಸಿ ಊರಾಚೆ ಬಿಡ್ತಾರಂತೆ. ಅವ್ರಿಗೆ ಅಧಿಕಾರ ಇದ್ಯಾ?

ಊರಾಚೆ ಬಿಡೋ ಮಾತು ಮೊದಲು ನೋಡೋಣ, ಅದು ಆಗದ ಮಾತು. ಬೀದಿನಾಯಿ ವಿಷಯಕ್ಕೆ ಇಡೀ ದೇಶಕ್ಕೆ ಒಂದೇ ರೂಲ್ಸ್ ಇದೆ, ಪ್ರಾಣಿ ಸಂತಾನ ನಿಯಂತ್ರಣ ನಿಯಮ ಅಂತ, 2001ರಲ್ಲಿ ಒಂದು ಬಂದಿತ್ತು, ಅದನ್ನ ತೆಗೆದು 2023ರ ಮಾರ್ಚಲ್ಲಿ ಹೊಸದು ತಂದ್ರು. ಎಲ್ರೂ ಇದನ್ನ ಅನಿಮಲ್ ಬರ್ತ್ ಕಂಟ್ರೋಲ್, ಚಿಕ್ಕದಾಗಿ ಎಬಿಸಿ ರೂಲ್ಸ್ ಅಂತೀವಿ. ನಾಯಿ ಹಿಡಿಯೋದು ಪಾಲಿಕೆ ಅಥವಾ ಪಾಲಿಕೆ ಗೊತ್ತುಮಾಡಿದ ಸಂಸ್ಥೆ, ಹಿಡಿದು ಆಪರೇಷನ್ ಮಾಡಿ, ರೇಬಿಸ್ ಇಂಜೆಕ್ಷನ್ ಹಾಕಿ, ಗಾಯ ಮಾಗೋವರೆಗೂ ಇಟ್ಕೊಂಡು, ಎಲ್ಲಿಂದ ತಂದ್ರೋ ಅಲ್ಲೇ ತಂದು ಬಿಡ್ಬೇಕು. ಆಪರೇಷನ್ ಆಗಿರೋದಕ್ಕೆ ಗುರುತು ಅಂದ್ರೆ ಕಿವಿ ತುದೀಲಿ ಒಂದು ಚಿಕ್ಕ ಕಚ್ಚು, ಇಂಗ್ಲಿಷಿನ ವಿ ಅಕ್ಷರದ ಥರ. ನಾಳೆ ಅನ್ನ ಹಾಕುವಾಗ ಬಗ್ಗಿ ನೋಡಿ, ನಾಲ್ಕರಲ್ಲಿ ಎಷ್ಟಕ್ಕೆ ಆ ಕಚ್ಚು ಇದೆ ಅಂತ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಊರಾಚೆ ಬಿಡೋದು ಕಾನೂನಿಗೆ ವಿರುದ್ಧ ಅನ್ನೋದಕ್ಕಿಂತ ಹೆಚ್ಚಾಗಿ ಅದು ಉಪಯೋಗಕ್ಕೆ ಬಾರದ ಕೆಲಸ. ಒಂದು ಲೇಔಟ್‌ನೋರು ರಾತ್ರೋರಾತ್ರಿ ಟೆಂಪೋ ಮಾಡ್ಕೊಂಡು ಆರು ನಾಯಿ ತುಂಬ್ಕೊಂಡು ಹೋಗಿ ಕೆರೆ ಏರಿ ಹತ್ರ ಬಿಟ್ಟು ಬಂದ್ರು, ಆರಕ್ಕೂ ನಾವೇ ಆಪರೇಷನ್ ಮಾಡಿದ್ವಿ, ಯಾರನ್ನೂ ಕಚ್ಚಿದವಲ್ಲ. ಹದಿನೈದು ದಿನ ಆಗಿಲ್ಲ, ಆ ಖಾಲಿ ಜಾಗಕ್ಕೆ ಪಕ್ಕದ ರೋಡಿನ ನಾಯಿಗಳು ಬಂದ್ವು, ಒಂದಕ್ಕೂ ಆಪರೇಷನ್ ಇಲ್ಲ, ಇಂಜೆಕ್ಷನ್ ಇಲ್ಲ, ಅದ್ರಲ್ಲೊಂದು ಗಬ್ಬದ ಹೆಣ್ಣು ಬೇರೆ. ಹೆಣ್ಣುನಾಯಿ ಗಬ್ಬ ಆಗಿ ಎರಡು ತಿಂಗಳಿಗೆ ಮರಿ ಹಾಕುತ್ತೆ, ಲೆಕ್ಕ ನೀವೇ ಹಾಕ್ಕೊಳಿ. ಆಮೇಲೆ ಅದೇ ಲೇಔಟ್‌ನೋರು ನಮ್ಗೇ ಫೋನ್ ಮಾಡಿ ಏನ್ ಡಾಕ್ಟ್ರೇ ನಿಮ್ಮ ಕೆಲಸ ಸರಿ ಇಲ್ಲ ಅಂದ್ರು.

ಈಗ ಸುಪ್ರೀಂ ಕೋರ್ಟ್ ಆರ್ಡರ್ ವಿಷ್ಯ, ಯಾಕಂದ್ರೆ ನಿಮ್ಮ ಸೆಕ್ರೆಟರಿ ಅದನ್ನೇ ತೋರಿಸಿರ್ತಾರೆ. 2025ರ ಆಗಸ್ಟ್ 11ಕ್ಕೆ ದಿಲ್ಲಿ ಸುತ್ತಮುತ್ತ ನಾಯಿಗಳನ್ನೆಲ್ಲಾ ಹಿಡಿದು ಶೆಲ್ಟರಿಗೆ ಹಾಕಿ, ವಾಪಸ್ ಬಿಡಬೇಡಿ ಅಂತ ಆರ್ಡರ್ ಆಗಿದ್ದು ನಿಜ, ವಾಟ್ಸಾಪಲ್ಲಿ ಇವತ್ತಿಗೂ ಓಡಾಡ್ತಿರೋದು ಅದೇ. ಆದ್ರೆ ಅದೇ ತಿಂಗಳು 22ಕ್ಕೆ ಮೂವರು ಜಡ್ಜ್‌ಗಳ ಪೀಠ ಅದನ್ನ ಬದಲಾಯಿಸ್ತು, ಆಪರೇಷನ್ ಇಂಜೆಕ್ಷನ್ ಆದ್ಮೇಲೆ ಇದ್ದ ಜಾಗಕ್ಕೇ ಬಿಡಿ, ರೇಬಿಸ್ ಇರೋದು, ರೇಬಿಸ್ ಅನುಮಾನ ಇರೋದು, ಮೈಮೇಲೆ ಬೀಳೋ ಸ್ವಭಾವದ್ದು ಮಾತ್ರ ಬಿಡಬೇಡಿ ಅಂತ. ಇದರ ವ್ಯಾಪ್ತೀನ ಎಲ್ಲಾ ರಾಜ್ಯಕ್ಕೂ ಹಿಗ್ಗಿಸಿದ್ರು. ಆಮೇಲೆ ನವೆಂಬರ್ 7ಕ್ಕೆ ಇನ್ನೊಂದು ಬಂತು: ಶಾಲೆ ಕಾಲೇಜು, ಆಸ್ಪತ್ರೆ, ಸ್ಟೇಡಿಯಂ, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್, ಇಲ್ಲಿಂದ ಹಿಡಿದ ನಾಯೀನ ಮತ್ತೆ ಅಲ್ಲೇ ಬಿಡೋ ಹಾಗಿಲ್ಲ. ಆ ಪಟ್ಟೀಲಿ ಅಪಾರ್ಟ್‌ಮೆಂಟ್ ಇಲ್ಲ. ಈ ಕೇಸಲ್ಲಿ ಒಂದಾದ್ಮೇಲೊಂದು ಆರ್ಡರ್ ಬರ್ತಾನೇ ಇವೆ, ಹಾಗಾಗಿ ಯಾರಾದ್ರೂ ಆರ್ಡರ್ ತೋರಿಸಿದ್ರೆ ಮೊದಲು ತಾರೀಖು ನೋಡಿ.

ಅನ್ನ ಹಾಕೋ ವಿಷಯದಲ್ಲಿ ಅರ್ಧ ನೀವು ಸರಿ, ಅರ್ಧ ಅವ್ರು ಸರಿ. ಎಬಿಸಿ ರೂಲ್ಸಲ್ಲಿ 20ನೇ ನಿಯಮ ಅಂತಿದೆ, ಅದನ್ನ ಪ್ರಿಂಟ್ ತೆಗ್ಸಿ ಇಟ್ಕೊಳಿ. ಕಾಂಪೌಂಡ್ ಒಳಗೆ, ಆ ಏರಿಯಾದಲ್ಲಿ ಇರೋ ನಾಯಿಗಳಿಗೆ ಊಟದ ವ್ಯವಸ್ಥೆ ಮಾಡೋ ಜವಾಬ್ದಾರಿ ಅಸೋಸಿಯೇಷನ್‌ದೇ ಅನ್ನತ್ತೆ ಅದು, ಹೌದು ರೀ, ಅಸೋಸಿಯೇಷನ್‌ದೇ, ಈ ಸಾಲು ಓದಿ ಹೇಳಿದಾಗ ಸುಮಾರು ಮೀಟಿಂಗಲ್ಲಿ ಪಿನ್ ಡ್ರಾಪ್ ಸೈಲೆನ್ಸ್ ಆಗಿದ್ದು ನೋಡಿದೀನಿ. ಆದ್ರೆ ಅದೇ ನಿಯಮ ಮುಂದಕ್ಕೆ ಹೇಳತ್ತೆ, ಜಾಗ ಇಬ್ರೂ ಒಪ್ಪಿ ಗೊತ್ತು ಮಾಡ್ಬೇಕು, ಅದು ಮಕ್ಕಳು ಆಡೋ ಜಾಗ, ಮೆಟ್ಟಿಲು, ಗೇಟು ಇವುಗಳಿಂದ ದೂರ ಇರ್ಬೇಕು, ಮಕ್ಕಳು ವಯಸ್ಸಾದೋರು ಓಡಾಡೋ ಹೊತ್ತು ಬಿಟ್ಟು ಹಾಕ್ಬೇಕು, ಹಾಕಿದ್ಮೇಲೆ ಕ್ಲೀನ್ ಮಾಡ್ಬೇಕು. ನೀವು ಹಾಕ್ತಿರೋದು ಗೇಟ್ ಹತ್ರ. ನಿಮ್ಮನ್ನ ನಾನು ನೋಡಿಲ್ಲ, ಆದ್ರೆ ಗೇಟ್ ಹತ್ರ ಅಂದ್ರೆ ಹೆಂಗಿರತ್ತೆ ಗೊತ್ತು: ಪೇಪರ್ ಮೇಲೆ ಮೊಸರನ್ನ, ಅರ್ಧ ತಿಂದು ಬಿಟ್ಟಿರತ್ತೆ, ಬೆಳಿಗ್ಗೆ ಸೆಕ್ಯುರಿಟಿಯವ್ರು ಬೈಕೊಂಡು ಗುಡಿಸ್ತಾರೆ, ಟ್ಯೂಷನ್ ಮುಗಿಸಿ ಬರೋ ಹುಡುಗ್ರು ಊಟದ ಮೇಲಿರೋ ನಾಯಿ ಪಕ್ಕದಲ್ಲೇ ಸೈಕಲ್ ತಳ್ಕೊಂಡು ಹೋಗ್ಬೇಕು. ಊಟ ಕಾಯೋ ನಾಯಿ ಎಂಥಾ ಸಾಧು ಆದ್ರೂ ಗುರ್ ಅನ್ನತ್ತೆ. ರೋಡಲ್ಲಿ ಎಲ್ಲೆಂದ್ರಲ್ಲಿ ಹಾಕೋ ಹಾಗಿಲ್ಲ, ವಾರ್ಡಲ್ಲಿ ಗೊತ್ತುಮಾಡಿದ ಜಾಗದಲ್ಲೇ ಹಾಕ್ಬೇಕು ಅಂತ ಆಗಸ್ಟ್ 22ರ ಆರ್ಡರ್ ಕೂಡ ಹೇಳಿದೆ.

ಸಾವಿರ ರೂಪಾಯಿ ಫೈನ್ ವಸೂಲಿಗೆ ಕಾನೂನಲ್ಲಿ ಬೇರು ಇಲ್ಲ. ಅಸೋಸಿಯೇಷನ್ ಬೈಲಾ ಕೇಂದ್ರದ ರೂಲ್ಸಿಗಿಂತ ದೊಡ್ಡದಲ್ಲ. ಆದ್ರೆ ಅಕ್ಕಪಕ್ಕ ಇರೋರ ಜೊತೆ ರೂಲ್ ಬುಕ್ ಹಿಡ್ಕೊಂಡು ಎಷ್ಟು ದಿನ ಜಗಳ ಆಡ್ತೀರಿ ಹೇಳಿ. ನನ್ನ ಮಾತು ಕೇಳೋದಾದ್ರೆ ಒಂದು ಪತ್ರ ಬರೀರಿ, ಇಷ್ಟು ನಾಯಿ ಇವೆ, ಇಷ್ಟಕ್ಕೆ ಕಿವಿ ಕಚ್ಚು ಇದೆ, ಇಷ್ಟಕ್ಕೆ ಇಲ್ಲ, ಉಳಿದವಕ್ಕೆ ಆಪರೇಷನ್ ಮಾಡಿಸೋಕೆ ಹಿಡಿಯೋ ದಿನ ನಾನೇ ಬಂದು ನಿಂತ್ಕೋತೀನಿ, ಹಿಂದಿನ ಕಾಂಪೌಂಡ್ ಮೂಲೇಲಿ ರಾತ್ರಿ ಹತ್ತೂವರೆ ಮೇಲೆ ಹಾಕ್ತೀನಿ ಅಂತ. ಕಿವಿ ಎಣಿಸಿ ಅಂದಿದ್ದು ಇದಕ್ಕೇ. ನಾಯಿ ಹಿಡಿಯೋರಿಗೆ ಅನ್ನ ಹಾಕೋರು ಜೊತೆಗಿದ್ರೆ ಕೆಲಸ ಹತ್ತು ನಿಮಿಷ, ಇಲ್ಲಾಂದ್ರೆ ಬಲೆ ಹಿಡ್ಕೊಂಡು ಬೆಳಗೆಲ್ಲಾ ಓಡ್ಬೇಕು. ಕಂಪ್ಲೇಂಟ್ ಹೇಳೋಕೆ ಪಾಲಿಕೆ ಸಹಾಯವಾಣಿ 1533. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿಂದ ಐದು ಪಾಲಿಕೆ ಆಗಿವೆ, ನಿಮ್ಮದು ಯಾವ್ದು ಅಂತ ನೋಡ್ಕೊಂಡು ಪಶುಪಾಲನೆ ವಿಭಾಗಕ್ಕೆ ಅರ್ಜಿ ಕೊಡಿ, ರಿಸೀವ್ಡ್ ಸೀಲ್ ಹಾಕಿಸ್ಕೊಳಿ. ಅಷ್ಟಾದ್ರೂ ಬಗೆಹರೀಲಿಲ್ಲ ಅಂದ್ರೆ ಅದೇ 20ನೇ ನಿಯಮದಲ್ಲಿ ಪ್ರಾಣಿ ಕಲ್ಯಾಣ ಸಮಿತಿ ಅಂತ ಇದೆ, ಪಶುವೈದ್ಯಾಧಿಕಾರಿ, ಪೊಲೀಸ್, ಅಸೋಸಿಯೇಷನ್, ದೂರು ಕೊಟ್ಟೋರು ಎಲ್ಲಾ ಕೂತು ಮಾತಾಡಿ ಜಾಗ ಗೊತ್ತುಮಾಡೋದು.

ಪ್ರಶ್ನೆ (ಹುಬ್ಬಳ್ಳಿ): ಸರ್, ನಮ್ಮ ಬಾಜೂ ಮನಿಯವ್ರು ನಾಯಿನ ಟೆರೇಸ್ ಮ್ಯಾಲ ಹಗಲೂ ರಾತ್ರಿ ಕಟ್ಟಿ ಹಾಕ್ಯಾರ್ರೀ. ಬಿಸಿಲಾಗ ನೀರೂ ಇರಂಗಿಲ್ಲ, ರಾತ್ರಿ ಪೂರ್ತಿ ಒದರ್ತೈತಿ. ಇದಕ್ಕ ಕಾಯ್ದೆ ಏನರ ಐತೇನು?

ಇದೆ ರೀ, ಅದೂ 1960ರಿಂದ. ಪ್ರಾಣಿ ಹಿಂಸೆ ತಡೆ ಕಾಯ್ದೆ 11ನೇ ಸೆಕ್ಷನ್. ಹೊಡೆಯೋದು ಬಡಿಯೋದು ಮಾತ್ರ ಹಿಂಸೆ ಅಲ್ಲ, ಗಿಡ್ಡ ಸರಪಳೀಲಿ ಮಿತಿಮೀರಿ ಕಟ್ಟಿಹಾಕೋದು, ನೀರು ನೆರಳು ಊಟ ಕೊಡದೇ ಇರೋದು, ಯಾವಾಗ್ಲೂ ಕಟ್ಟಿರೋ ನಾಯೀನ ಓಡಾಡ್ಸದೇ ಇರೋದು, ಸಾಕಿದ ಪ್ರಾಣೀನ ಬೀದೀಲಿ ಬಿಟ್ಟು ಹೋಗೋದು, ಎಲ್ಲಾ ಬರತ್ತೆ. ಬೇಜಾರು ಏನಂದ್ರೆ ದಂಡ. ಮೊದಲ ಸಲಕ್ಕೆ ಹತ್ತು ರೂಪಾಯಿಂದ ಐವತ್ತು ರೂಪಾಯಿ! ಸೊನ್ನೆ ಬಿಟ್ಟೋಗಿಲ್ಲ, ಐವತ್ತೇ. ಈಗ ಹೋಟ್ಲಲ್ಲಿ ಒಂದು ಮಸಾಲೆ ದೋಸೆ ಬರಲ್ಲ ಆ ದುಡ್ಡಿಗೆ. ಮೂರು ವರ್ಷದೊಳಗೆ ಮತ್ತೆ ಮಾಡಿದ್ರೆ ನೂರು ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಪ್ರಾಣಿ ಸತ್ರೆ, ಅಂಗ ಊನ ಆದ್ರೆ ಮಾತ್ರ ಹಳೇ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಬರತ್ತೆ, ಅದ್ರಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ, ಬೀದಿನಾಯಿಗೂ ಸೇರಿ. ವಿಷ ಹಾಕೋ ಪುಣ್ಯಾತ್ಮರಿಗೆ ಇದನ್ನ ತಿಳಿಸಿ.

ನಿಮ್ಮ ಕೇಸಲ್ಲಿ ಸ್ಟೇಷನ್ ಮೊದಲನೇ ಮೆಟ್ಟಿಲಲ್ಲ. ಅರ್ಧಕ್ಕರ್ಧ ಜನ ಗೊತ್ತಿಲ್ದೇ ಮಾಡ್ತಾರೆ, ಮರಿ ಇದ್ದಾಗ ಮುದ್ದು, ವರ್ಷ ಆದ್ಮೇಲೆ ಎಳ್ಕೊಂಡು ಹೋಗೋಕಾಗಲ್ಲ ಅಂತ ಮೇಲೆ ಕಟ್ಟಿಬಿಡ್ತಾರೆ. ನಂಗೆ ಒಂದು ಸಲ ಒಂದು ನಾಯಿ ತಂದ್ರು, ಕುತ್ತಿಗೇಲಿ ವಾಸನೆ ಬರ್ತಿದೆ ಅಂತ. ಕೂದಲು ಸರಿಸಿ ನೋಡಿದ್ರೆ ಮರಿ ಇದ್ದಾಗ ಹಾಕಿದ್ದ ಬೆಲ್ಟು, ನಾಯಿ ಬೆಳೀತು, ಬೆಲ್ಟು ಬೆಳೀಲಿಲ್ಲ, ಚರ್ಮದೊಳಗೆ ಹೂತು ಸುತ್ತಲೂ ಹುಳ ಬಿದ್ದಿತ್ತು. ಮಾಲೀಕರು ಅಳ್ತಿದ್ರು, ದಿನಾ ಊಟ ಹಾಕ್ತಿದ್ವಿ ಸರ್ ಅಂತ. ಹಾಕ್ತಿದ್ರು ನಿಜ, ದೂರದಿಂದ ತಟ್ಟೆ ತಳ್ತಿದ್ರು. ಅದಕ್ಕೇ ಹೇಳೋದು, ಮೊದಲು ಮಾತಾಡಿ, ಸಂಜೆ ಅರ್ಧ ತಾಸು ಅಡ್ಡಾಡ್ಸಿದ್ರ ರಾತ್ರಿ ಒದರೂದು ತಾನ ನಿಲ್ತೈತ್ರಿ ಅಂತ ಹೇಳಿ ನೋಡಿ, ಇದು ಸುಳ್ಳಲ್ಲ. ಕೇಳ್ಲಿಲ್ಲ ಅಂದ್ರೆ ನಾಲ್ಕೈದು ದಿನ ಬೇರೆ ಬೇರೆ ಹೊತ್ತಲ್ಲಿ ನಿಮ್ಮ ಮನೆ ಮೇಲಿಂದ ಫೋಟೋ ವಿಡಿಯೋ ತೆಗೆದು, ಪೊಲೀಸರಿಗೂ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ ಬರವಣಿಗೇಲಿ ಕೊಡಿ.

ಪ್ರಶ್ನೆ (ಮೈಸೂರು): ಎದುರು ಮನೆಯ ಸಾಕುನಾಯಿ ನನ್ನ ಮಗಳ ಕಾಲಿಗೆ ಕಚ್ಚಿದೆ. ಅವರು ಇಂಜೆಕ್ಷನ್ ಹಾಕಿಸಿದ ನಾಯಿ, ಏನೂ ಆಗಲ್ಲ ಅಂತಿದ್ದಾರೆ. ಏನು ಮಾಡಲಿ?

ಕಾನೂನು ನಾಳೆ ನೋಡೋಣ ಅಮ್ಮಾ, ಈಗ್ಲೇ ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೀರಿ, ಗಡಿಯಾರ ನೋಡ್ಕೊಂಡು. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಬೇಡಿ. ನೇರ ಆಸ್ಪತ್ರೆಗೆ ಹೋಗಿ, ನಾಯಿಗೆ ಇಂಜೆಕ್ಷನ್ ಆಗಿದೆ ಅಂತ ಮಗುಗೆ ಬಿಡೋ ಹಾಗಿಲ್ಲ. ಕೋರ್ಸ್ ಪೂರ್ತಿ ಮುಗಿಸಿ, ತೋಳಿನ ಮಾಂಸಖಂಡಕ್ಕೆ ಹಾಕೋದಾದ್ರೆ 0, 3, 7, 14, 28ನೇ ದಿನ, ಮೊದಲ ಇಂಜೆಕ್ಷನ್ ಹಾಕಿದ ದಿನಾನೇ 0. ರಕ್ತ ಬಂದಿದ್ರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಅಂತ ಬೇರೆ ಹಾಕ್ತಾರೆ, ಹಾಕ್ಲಿಲ್ಲ ಅಂದ್ರೆ ನೀವೇ ಕೇಳಿ. ನಾಯೀನ ಹತ್ತು ದಿನ ಕಣ್ಣಲ್ಲಿಟ್ಟು ನೋಡ್ಬೇಕು, ಅದಕ್ಕೇ ಎದುರು ಮನೆಯೋರ ಜೊತೆ ಮಾತು ಬಿಡ್ಬೇಡಿ.

ಇನ್ನು ಜವಾಬ್ದಾರಿ. ಬೀದಿನಾಯಿ ಆದ್ರೆ ಯಾರನ್ನ ಕೇಳೋದು ಅನ್ನೋ ಗೊಂದಲ ಇರತ್ತೆ, ಸಾಕುನಾಯಿಗೆ ಇಲ್ಲ, ಮಾಲೀಕರೇ. ತಮ್ಮ ಪ್ರಾಣಿಯಿಂದ ಬೇರೆಯೋರಿಗೆ ಅಪಾಯ ಆಗದ ಹಾಗೆ ನೋಡ್ಕೊಳ್ದೇ ಇದ್ರೆ ನ್ಯಾಯ ಸಂಹಿತೆ 291ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ, ಎರಡೂ ಆಗ್ಬಹುದು. ಆಸ್ಪತ್ರೆ ಖರ್ಚು, ಪರಿಹಾರ ಸಿವಿಲ್ ಕೋರ್ಟಲ್ಲಿ ಕೇಳ್ಬಹುದು. ಆಸ್ಪತ್ರೆ ಚೀಟೀಲಿ "ಎದುರು ಮನೆಯ ಸಾಕುನಾಯಿ ಕಡಿತ" ಅಂತ ಬರೆಸಿ, ಬರೀ "ನಾಯಿ ಕಡಿತ" ಅಂತ ಬೇಡ, ಗಾಯದ ಫೋಟೋ ಅವತ್ತೇ ತೆಗೀರಿ.

ಪ್ರಶ್ನೆ (ದಾವಣಗೆರೆ): ನಮ್ಮತ್ರ ರಾಟ್‌ವೈಲರ್ ಇದೆ, 23 ತಳಿ ಬ್ಯಾನ್ ಆಗಿದೆ ಅಂತಾರಲ್ಲ, ಕೊಟ್ಟುಬಿಡ್ಬೇಕಾ?

ಬೇಡ. 2024ರ ಮಾರ್ಚ್ 12ಕ್ಕೆ ಕೇಂದ್ರ ಒಂದು ಸುತ್ತೋಲೆ ಕಳಿಸಿತ್ತು, ನಮ್ಮ ಕರ್ನಾಟಕ ಹೈಕೋರ್ಟೇ ಏಪ್ರಿಲಲ್ಲಿ ಅದನ್ನ ರದ್ದು ಮಾಡ್ತು, ಸಂಬಂಧಪಟ್ಟೋರನ್ನ ಕೇಳದೇ ಮಾಡಿದೀರಿ ಅಂತ. ಆದ್ರೆ ಮೇಲಿನ ಮೈಸೂರಿನೋರ ಉತ್ತರ ಇನ್ನೊಂದ್ಸಲ ಓದಿ, 291 ನಿಮ್ಗೂ ಅನ್ವಯಿಸತ್ತೆ. ಲೀಷ್ ಇಲ್ದೇ ಗೇಟ್ ದಾಟಿಸ್ಬೇಡಿ.

ಪ್ರಶ್ನೆ (ಕನಕಪುರ ಕಡೆಯಿಂದ): ಸಾರ್, ಯಾರದೋ ದನ ರಾತ್ರಿ ನುಗ್ಗಿ ರಾಗಿ ಪೈರೆಲ್ಲಾ ಮೇದಾಕ್ತವೆ. ಕಟ್ಟಾಕಂಡ್ರೆ ನನ್ ಮೇಲೇ ಕೇಸಾಯ್ತದಾ?

ನಿಮ್ಮ ಕಡೆ ಎಷ್ಟೊಂದು ಊರ ಹೆಸರು ದೊಡ್ಡಿ ಅಂತ ಮುಗೀತದಲ್ಲ, ಆ ದೊಡ್ಡಿ, ಅಂದ್ರೆ ಹೊಲಕ್ಕೆ ನುಗ್ಗಿದ ದನ ಕೂಡಿಹಾಕೋ ಜಾಗ, ಅನ್ನೋ ಮಾತೇ ಇದಕ್ಕೆ ಕಾನೂನು. ಬೆಳೆ ಮೇಯ್ತಿರೋ ದನ ಹಿಡ್ಕೊಳೋ ಹಕ್ಕು ಜಮೀನಿನೋರಿಗೆ ಉಂಟು, ಆದ್ರೆ ಕೊಟ್ಟಿಗೇಲಿ ಕಟ್ಟಾಕ್ಕೊಂಡು ದುಡ್ಡು ಕೊಟ್ರೇ ಬಿಡ್ತೀನಿ ಅಂತ ಕೂರೋ ಹಾಗಿಲ್ಲ, ದೊಡ್ಡಿಗೆ ಹೊಡೀಬೇಕು, ದನದೋರು ಅಲ್ಲಿ ದಂಡ, ಮೇವಿನ ಖರ್ಚು ಕಟ್ಟಿ ಬಿಡಿಸ್ಕೊಂಡು ಹೋಗ್ತಾರೆ. ನಿಮ್ಮೂರ ದೊಡ್ಡಿ ಗೋಡೆ ಬಿದ್ದೋಗಿ ಲಂಟಾನ ಬೆಳೆದಿದ್ರೂ ಬೆಳೆದಿರಬಹುದು, ಹಂಗಾದ್ರೆ ಬೆಳಿಗ್ಗೇನೇ ಪಂಚಾಯ್ತಿ ಪಿಡಿಒಗೆ ಬರೆದು ಕೊಡಿ, ಎಷ್ಟು ದನ, ಬಣ್ಣ, ಕೊಂಬು, ಕಿವಿ ಓಲೆ ನಂಬರ್ ಸಮೇತ. ಕಿವೀಲಿ ಹಳದಿ ಓಲೆ ಇದ್ರೆ ಅದ್ರಲ್ಲಿ 12 ಅಂಕಿ ಇರತ್ತೆ, ಪಶು ಆಸ್ಪತ್ರೆಯೋರು ಅದನ್ನ ಹಾಕಿ ನೋಡಿದ್ರೆ ಮಾಲೀಕ ಯಾರು ಅಂತ ಬರತ್ತೆ. ಹಿಡಿಯುವಾಗ ಕಾಲು ಮುರಿಯೋ ಹಂಗೆ ಹೊಡೆದ್ರೆ, ಬೇಲಿಗೆ ನೇರ ಕರೆಂಟ್ ಬಿಟ್ರೆ ಮಾತ್ರ ಕೇಸು ನಿಮ್ ಮೇಲೇ ತಿರುಗ್ತದೆ. ಹಿಡಿದ ದನಕ್ಕೆ ಗಾಯ ಏನಾದ್ರೂ ಕಂಡ್ರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಹೊಲದ ಹತ್ರಾನೇ ಬರತ್ತೆ.